ಜಗಳೂರಿನ ಗಾಳಿಯ ಕೊರತೆ

೧೯೭೮ನೇ ಇಸವಿಯಲ್ಲಿ ಜಗಳೂರು ಪಟ್ಟಣದ ಗಾಳಿಯಲ್ಲಿ ಕೊರತೆ ಇರುವುದು ಪತ್ತೆಯಾಯಿತು. ಅಲ್ಲಿಯವರೆಗೆ ಊರಿನ ಜನ ಇದ್ದಷ್ಟು ಗಾಳಿಯಲ್ಲೇ ಉಸಿರಾಡಿಕೊಂಡು, ಯಾವ ಅರ್ಜಿಯನ್ನೂ ಕೊಡದೆ ಬದುಕಿದ್ದರು.

ಹವಾಮಾಪನ ಉಪಕಚೇರಿಯ ಗುಮಾಸ್ತ ನಾಗೇಂದ್ರಪ್ಪನವರಿಗೆ ಆ ವರ್ಷ ಹೊನ್ನಾಳಿಗೆ ವರ್ಗವಾಗಿತ್ತು. ಅವರ ಹೆಂಡತಿ ಅಜ್ಜಮ್ಮ ಹೊನ್ನಾಳಿಯಲ್ಲಿದ್ದರು. ಇವರು ಮದುವೆಯಾದಾಗಿನಿಂದ ಜಗಳೂರಿನಲ್ಲಿ, ಹೋಟೆಲಿನ ಊಟದಲ್ಲಿ. ಚಾರ್ಜ್ ಬಿಟ್ಟುಕೊಡುವ ಮುನ್ನ ಕಚೇರಿಯ ಸಾಮಾನು ಪರಿಶೀಲಿಸಲು ತನಿಖಾಧಿಕಾರಿ ಕೊಟ್ರಬಸಪ್ಪನವರು ಬಂದರು. ಕುರ್ಚಿ ಸರಿಯಿತ್ತು. ಟೇಬಲ್ಲೂ ಸರಿಯಿತ್ತು. ಗೋಡೆಯ ಮೇಲೆ ವಾಯುಭಾರ ಮಾಪಕವಿತ್ತು: ಪಾದರಸದ ಬಟ್ಟಲಿನಲ್ಲಿ ನಿಲ್ಲಿಸಿದ ಗಾಜಿನ ಕೊಳವೆ. ಗಾಳಿ ಬಟ್ಟಲನ್ನು ಒತ್ತಿದಷ್ಟೂ ಪಾದರಸ ಕೊಳವೆಯಲ್ಲಿ ಮೇಲೇರುತ್ತದೆ.

"ಪುಸ್ತಕದಾಗೆ ಎಪ್ಪತ್ತಾರು ಸೆಂಟಿಮೀಟರ್ ಅಂತ ಐತೆ," ಎಂದರು ಕೊಟ್ರಬಸಪ್ಪನವರು. "ಇಲ್ಲಿ ಎಪ್ಪತ್ತೂವರೆ ಐತೆ. ಉಳಿದ ಐದೂವರೆ ಎಲ್ರೀ?"

"ನಾನು ಚಾರ್ಜ್ ತಗೊಂಡಾಗ್ಲೂ ಇಷ್ಟೇ ಇತ್ತು ಸಾರ್."

"ನೋಡಿ ತಗೊಂಡ್ರಾ?"

"ಗಾಳೀನ ಹೆಂಗೆ ನೋಡಾಕೆ ಆಗುತ್ತೆ ಸಾರ್?"

"ಅಂದ್ರೆ ನೋಡ್ದೆ ಸಹಿ ಹಾಕಿದ್ರಿ. ಕೊರತೆ ಭರ್ತಿ ಮಾಡಿ ಊರಿಗೆ ಹೋಗ್ರಿ."

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮುರುಗೇಶಪ್ಪನವರು ಗೆಳೆಯನ ಪರವಾಗಿ ಬಂದು ವಿವರಿಸಿದರು. "ಎಪ್ಪತ್ತಾರು ಅನ್ನೋದು ಸಮುದ್ರ ಮಟ್ಟದ ಮಾತು ಸಾರ್. ಜಗಳೂರು ಅದಕ್ಕಿಂತ ಎಷ್ಟೋ ಎತ್ತರದಾಗೆ ಐತೆ. ಮೇಲೆ ಹೋದಂಗೆಲ್ಲ ತಲೆ ಮೇಲಿನ ಗಾಳಿ ಕಡಿಮೆ, ಅದರ ಭಾರಾನೂ ಕಡಿಮೆ."

"ಹಂಗಾದ್ರೆ ಜಗಳೂರಾಗೆ ಸಮುದ್ರ ಇಲ್ಲ ಅಂತೀರಿ."

"ಇಲ್ಲ ಸಾರ್."

"ಬಾಯಿ ಮಾತಲ್ಲಿ ಆಗಲ್ಲ ಮೇಷ್ಟ್ರೇ."

ತಾಲ್ಲೂಕಿನಲ್ಲಿ ಸಮುದ್ರವಿಲ್ಲವೆಂದು ಸ್ಥಳ ಪರಿಶೀಲಿಸಿ ವರದಿ ಕೊಡುವಂತೆ ಗ್ರಾಮ ಲೆಕ್ಕಿಗರಿಗೆ ಆದೇಶ ಹೋಯಿತು. ಎಲ್ಲರೂ ಇಲ್ಲವೆಂದು ಬರೆದರು. ಒಬ್ಬರು ಮಾತ್ರ, ಮುಂದೆ ತೊಂದರೆಯಾಗದಿರಲೆಂದು, "ಸಮುದ್ರ ಸದ್ಯಕ್ಕೆ ಬತ್ತಿದೆ" ಎಂದು ಬರೆದರು. ಇದರಿಂದ ಉಳಿದ ವರದಿಗಳೆಲ್ಲ ಅನುಮಾನಾಸ್ಪದವಾದವು. ಈ ನಡುವೆ ಒಂದು ದಿನ ಬಿರುಗಾಳಿ ಮಳೆ ಬರುವ ಮುನ್ನ ಪಾದರಸ ಇನ್ನಷ್ಟು ಇಳಿಯಿತು. ಗಾಳಿ ಸೋರಲು ಬಿಟ್ಟದ್ದಕ್ಕೆ ನಾಗೇಂದ್ರಪ್ಪನವರಿಂದ ವಿವರಣೆ ಕೇಳಲಾಯಿತು. ಕಿಟಕಿಗಳಿಗೆ ಮೊಳೆ ಹೊಡೆಯಲಾಯಿತು.

ಕೊನೆಗೆ ಮೇಲಿನಿಂದ ಸುತ್ತೋಲೆ ಬಂತು: "ಮೇಲೆ ಹೋದಂತೆ ಗಾಳಿಯ ಭಾರ ಕಡಿಮೆಯಾಗುವುದೆಂದು ಮೇಷ್ಟ್ರ ಹೇಳಿಕೆಯಿಂದ ಸ್ಥಿರಪಟ್ಟಿರುತ್ತದೆ. ಆದ್ದರಿಂದ ಕೆಳಗೆ ಹೋಗತಕ್ಕದ್ದು."

ಕಚೇರಿಯ ಹಿಂದೆ ಇಳಿಯಲು ಮೆಟ್ಟಿಲು ಬಿಟ್ಟು ಗುಂಡಿ ತೋಡಿ, ತಳದಲ್ಲಿ ಮಾಪಕವನ್ನು ನಿಲ್ಲಿಸಲಾಯಿತು. ಮೂರಾಳು ಆಳ ತೋಡಿದರೂ ಪಾದರಸ ಕೂದಲೆಳೆಯಷ್ಟೇ ಏರಿತು. "ಪ್ರಗತಿ ತೃಪ್ತಿಕರ" ಎಂದು ದಾಖಲಾಯಿತು. ಅಷ್ಟರಲ್ಲಿ ತಳದಲ್ಲಿ ನೀರು ಬಂತು. ಅಂದಾಜುಪಟ್ಟಿಯಲ್ಲಿ ನೀರು ಇರಲಿಲ್ಲವಾದ್ದರಿಂದ ಕೆಲಸ ನಿಂತಿತು.

ಮರುದಿನ ನಾಗೇಂದ್ರಪ್ಪನವರು ಮಾಪಕವನ್ನು ಎತ್ತಿಕೊಳ್ಳಲು ಇಳಿದರು. ನೀರು ತೊಡೆಮಟ್ಟ ನಿಂತಿತ್ತು. ಬಟ್ಟಲು ನೀರಿನಡಿ, ಕೊಳವೆಯ ತುದಿ ಮೇಲೆ. ಪಾದರಸ ಎಪ್ಪತ್ತಾರರಲ್ಲಿತ್ತು.

"ಅದು ಗಾಳಿ ಭಾರ ಅಲ್ಲ ಸಾರ್," ಎಂದರು ಮೇಷ್ಟ್ರು. "ಬಟ್ಟಲ ಮೇಲೆ ನೀರಿನ ಭಾರಾನೂ ಸೇರೈತೆ."

"ಯಾರ ಭಾರ ಆದ್ರೇನ್ರೀ?" ಎಂದರು ಸುದ್ದಿ ಕೇಳಿ ಬಂದಿದ್ದ ಕೊಟ್ರಬಸಪ್ಪನವರು. "ಭರ್ತಿ ಆಗೈತೆ. ಸೋಮವಾರ ಬಂದು ಸಹಿ ಹಾಕ್ತೀನಿ."

ಗಂಡನನ್ನು ಕರೆದೊಯ್ಯಲು ಅಜ್ಜಮ್ಮ ಸೋಮವಾರದ ಮೊದಲ ಬಸ್ಸಿಗೇ ಬಂದರು. ಆದರೆ ಸಿಹಿನೀರಿನ ಸುದ್ದಿ ಅವರಿಗಿಂತ ಮೊದಲೇ ಊರಿಗೆ ತಲುಪಿತ್ತು. ದುರುಗಮ್ಮ ಎಂಬಾಕೆಯ ಮುಂದಾಳ್ತನದಲ್ಲಿ ಹೆಂಗಸರು ನಸುಕಿನಿಂದ ಸೇದಿ ಸೇದಿ ನೀರನ್ನು ಮೊಣಕಾಲಿಗಿಳಿಸಿದ್ದರು. ಸಾಲದ್ದಕ್ಕೆ ಮೋಡವೂ ಕವಿದಿತ್ತು. ಕೊಟ್ರಬಸಪ್ಪನವರು ಕೆಳಗಿಳಿದು ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ಎಪ್ಪತ್ನಾಲ್ಕೂ ಇಲ್ಲ."

"ಏನ್ರೀ," ಎಂದರು ಅಜ್ಜಮ್ಮ ಗಂಡನಿಗೆ, "ಈ ಗಾಜಿನ ಕಡ್ಡಿಗಾ ನೀವು ನನ್ನ ಕಾಯಿಸಿದ್ದು?"

"ಮೆಲ್ಲಗೆ ಮಾತಾಡೇ. ಸಾಹೇಬ್ರು ಇದಾರೆ."

ಅಜ್ಜಮ್ಮ ಹೆಂಗಸರ ಕಡೆ ತಿರುಗಿದರು. "ಅಕ್ಕಾರೆ, ಕೊಡ ವಾಪಸ್ ಸುರೀರಿ."

"ಯಾಕವ್ವಾ? ಈಗ ತಾನೆ ಸೇದೀನಿ," ಎಂದಳು ದುರುಗಮ್ಮ.

"ನನ್ನ ಗಂಡ ಬಾವಿಯಾಗೆ ಸಿಕ್ಕಂಡಾನೆ."

ದುರುಗಮ್ಮ ಮೆಟ್ಟಿಲ ಮೇಲಿದ್ದ ನಾಗೇಂದ್ರಪ್ಪನವರನ್ನು ಮೇಲಿಂದ ಕೆಳಗೆ ನೋಡಿದಳು. "ಈವಯ್ಯ ಒಣಗಿದಂಗೆ ನಿಂತೈತಲ್ಲ?"

"ಹೋಟ್ಲು ಊಟ ತಿಂದು ಹಂಗಾಗೈತೆ. ಸುರೀರಿ ತಾಯಿ."

ದುರುಗಮ್ಮ ಮೊದಲ ಕೊಡ ಸುರಿದಳು. ಉಳಿದವರು ಮನೆಗೆ ಒಯ್ದದ್ದನ್ನೂ ತಂದು ಸುರಿದರು. ಪಾದರಸ ಏರಿತು, ಎಪ್ಪತ್ತಾರನ್ನು ಎಳೆಯಷ್ಟು ದಾಟಿತು. "ಹೆಚ್ಚಾಗಂಗಿಲ್ಲ," ಎಂದರು ಕೊಟ್ರಬಸಪ್ಪನವರು. ಹೆಂಗಸರು ಒಂದೊಂದು ಚೊಂಬು ತೆಗೆದು ಕುಡಿದರು. ಸಹಿಯಾಯಿತು.

ಬಾವಿಯ ಬಳಿ ಫಲಕ ಬಂತು: "ಗಾಳಿ ಎಪ್ಪತ್ತಾರಕ್ಕಿಂತ ಕಡಿಮೆ ಇರುವಾಗ ನೀರು ಸೇದತಕ್ಕದ್ದಲ್ಲ. ಮೋಡ ಕವಿದ ದಿನ ಸಾರ್ವಜನಿಕರು ಮನೆಗೊಂದು ಕೊಡ ತಂದು ಸುರಿಯತಕ್ಕದ್ದು." ಜನ ಇದನ್ನು ಶಿಸ್ತಿನಿಂದ ಪಾಲಿಸಿದರು. ಚನ್ನಗಿರಿ, ನ್ಯಾಮತಿಗಳಲ್ಲೂ ಬಾವಿಗಳಾದವು. ಹೊನ್ನಾಳಿಯಲ್ಲಿ ತೋಡುವ ಅಗತ್ಯ ಬೀಳಲಿಲ್ಲ. ಮಾಪಕವನ್ನು ತುಂಗಭದ್ರೆಯ ದಡದ ನೀರಿನಲ್ಲೇ ನಿಲ್ಲಿಸಿದರು. ನಾಗೇಂದ್ರಪ್ಪನವರು ಮನೆಯ ಊಟದಿಂದ ಕೊಂಚ ಮೈ ಹಿಡಿದರು.

ಆಷಾಢದಲ್ಲಿ ಹೊಳೆ ತುಂಬಿತು. ಪಾದರಸ ಕೊಳವೆಯ ನೆತ್ತಿ ಮುಟ್ಟಿತು. ಹೊನ್ನಾಳಿಯಲ್ಲಿ ಗಾಳಿ ಮಿಗತೆಯಾಗಿದೆಯೆಂದೂ, ಅದನ್ನು ಕೊರತೆಯ ತಾಲ್ಲೂಕಾದ ಜಗಳೂರಿಗೆ ಸಾಗಿಸಬೇಕೆಂದೂ, ನಾಗೇಂದ್ರಪ್ಪನವರು ಜೊತೆಯಲ್ಲಿ ಹೋಗಿ ಮುಂದಿನ ಆದೇಶದವರೆಗೆ ಅಲ್ಲೇ ಕಾವಲಿರಬೇಕೆಂದೂ ಆಜ್ಞೆಯಾಯಿತು. ಲಾರಿಯ ತುಂಬ ಗಾಳಿ ತುಂಬಿದ ಟ್ಯೂಬುಗಳನ್ನು ಹೇರಿದರು. ಅಜ್ಜಮ್ಮ ರೊಟ್ಟಿ ಬುತ್ತಿ ಕಟ್ಟಿಕೊಟ್ಟರು.

"ದಾರಿಯಾಗೆ ಟ್ಯೂಬು ಪಂಕ್ಚರ್ ಆದ್ರೆ ಅಲ್ಲೇ ಗಾಳಿ ಹೊಡಿಸ್ಕೊಂಡು ಹೋಗ್ರಿ. ಯಾರಿಗೆ ಗೊತ್ತಾಗುತ್ತೆ?"

ನಾಗೇಂದ್ರಪ್ಪನವರಿಗೆ ಮೊದಲ ಸಲ ಹೆಂಡತಿಯ ಮೇಲೆ ಸಿಟ್ಟು ಬಂತು.

"ಬೇರೆ ಊರಿನ ಗಾಳಿ ಬೆರೆಸಂಗಿಲ್ಲ," ಎಂದು ಹೇಳಿ ಲಾರಿ ಹತ್ತಿದರು.