ಎಂಟು ಕಂಪ್ಯೂಟರಿಗೆ ಒಬ್ಬಳೇ ಹೆಂಡತಿ

ಹೆಂಡತಿಯ ಮಾತನ್ನು ಎರಡು ಕಿವಿಯಿಂದ ಕೇಳುವುದು ಲೋಕರೂಢಿ. ನಂಜನಗೂಡಿನ ಪುಟ್ಟಬಸವಯ್ಯ ಮಾತ್ರ ಅದನ್ನು ಎಂಟು ಬಾಯಿಯಿಂದ ಕೇಳಬೇಕಾಗಿ ಬಂತು. ತಪ್ಪು ಆತನದೇ. ಮನೆಯ ಮುಂಗೋಣೆಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆಯುವ ಆತುರದಲ್ಲಿ, ಹೊಸ ಯಂತ್ರಗಳಿಗೆಲ್ಲ ಬೇರೆಬೇರೆಯಾಗಿ ವಿಂಡೋಸ್ ಹಾಕಲು ಬೇಸತ್ತು, ಮನೆಯ ಹಳೆಯದನ್ನೇ ಉಳಿದ ಏಳಕ್ಕೂ ಅಚ್ಚೊತ್ತಿದಂತೆ ನಕಲು ಮಾಡಿಬಿಟ್ಟ. (ಬಲ್ಲವರು ಇದಕ್ಕೆ ಕ್ಲೋನ್ ಎನ್ನುತ್ತಾರೆ.) ಪರದೆ ಮುಂದೆ ಕೂತರೆ ಗಂಡನಿಗೆ ಜಗತ್ತೇ ಮರೆಯುತ್ತದೆಂದು ಹೆಂಡತಿ ಚನ್ನಬಸಮ್ಮ ಆ ಹಳೆಯದರಲ್ಲಿ ತನ್ನ ದನಿ ತುಂಬಿಸಿದ್ದಳು. ಸಂಜೆ ನಾಲ್ಕಾದರೆ ಅದು ತಾನಾಗಿ ಮೊಳಗುತ್ತಿತ್ತು: “ಸಾಕು ಏಳ್ರೀ, ನಲ್ಲೀಲಿ ನೀರು ಬಂತಾ ನೋಡಿ.”

ಈಗ ಅದು ಅಷ್ಟದಿಕ್ಕುಗಳಿಂದ ಮೊಳಗಿತು.

ಮರುದಿನ ಸಂಜೆಯೇ ತಿ. ನರಸೀಪುರದ ಗುರುಮಲ್ಲಪ್ಪನವರು ಕೇಂದ್ರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅವರು ಇಲ್ಲಿ ನಡೆಸುವ ಹಾಸ್ಟೆಲಿನ ಹುಡುಗರೆಲ್ಲ ಈತನ ಶಿಷ್ಯರು. ಒಪ್ಪದಿದ್ದರೆ ಕೇಂದ್ರಕ್ಕೆ ಬೀಗ.

ಪುಟ್ಟಬಸವಯ್ಯ ಕಂಪ್ಯೂಟರಿನಲ್ಲಿ ಕಮಾಂಡ್ ಬರೆಯುವ ಕಪ್ಪು ಪರದೆ ತೆರೆದು ಕೂತ. (ಆ ಮನೆಯಲ್ಲಿ ಆತ ಆಜ್ಞೆ ಕೊಡಬಹುದಾದ ಜಾಗ ಅದೊಂದೇ.) ಯಂತ್ರಕ್ಕೊಂದು ಹೊಸ ಹೆಸರಿಡುವ, ನಾಲ್ಕು ಗಂಟೆಯ ದನಿಯನ್ನು ಬೇರುಸಹಿತ ಕೀಳುವ ಆಜ್ಞೆಗಳನ್ನೆಲ್ಲ ಒಂದೇ ಫೈಲಿಗೆ ತುಂಬಿ, ಹಳೆಯದನ್ನೂ ಬಿಡದೆ, ಎಂಟರ ಮೇಲೂ ಓಡಿಸಿದ. ಖಂಡಿತ ಅಳಿಸಲೇ ಎಂದು ಯಂತ್ರ ಕೇಳಿತು. ಈತನ ಅಭಿಪ್ರಾಯವನ್ನು ಯಾರಾದರೂ ಕೇಳಿ ವರ್ಷಗಳಾಗಿದ್ದವು. ಗದ್ಗದಿತನಾಗಿ ಹೌದೆಂದು ಒತ್ತಿದ.

ಬೆನ್ನ ಹಿಂದೆ ಚನ್ನಬಸಮ್ಮ ನಿಂತಿದ್ದಳು.

“ಏನ್ರೀ ಅಳಿಸ್ತಿದ್ದೀರಾ?”

“ಸೆಟ್ಟಿಂಗ್ಸು ಕಣೇ.”

“ಸೆಟ್ಟಿಂಗ್ಸಿಗೆ ನನ್ನ ಹೆಸರು ಯಾಕಿಟ್ಟಿದ್ದೀರಿ?”

ಅವಳು ಸರ್ರನೆ ಒಳಗೆ ಹೋದಳು.

ಮರುದಿನ ನಾಲ್ಕು ಹೊಡೆಯಿತು. ಎಂಟೂ ಯಂತ್ರಗಳು ಧ್ಯಾನಸ್ಥ. ಪುಟ್ಟಬಸವಯ್ಯ ಉಸಿರು ಬಿಟ್ಟ. ಆಗಲೇ ಬಂದು ಕೂತಿದ್ದ ಗುರುಮಲ್ಲಪ್ಪನವರು ಗಡಿಯಾರ ನೋಡಿದರು, ಯಂತ್ರಗಳನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು.

“ನಿನ್ನೆ ಈ ದಾರೀಲಿ ಹೋಗ್ತಾ ಕೇಳಿದ್ದೆ ಕಣ್ರೀ. ಒಂದೇ ಕೂಗಿಗೆ ನಾನೇ ಜೀಪಿಂದ ಇಳಿದು ನಿಂತ್ಕೊಂಡೆ. ನಮ್ಮ ಹುಡುಗ್ರಿಗೆ ಅಂಥದ್ದೇ ಬೇಕು. ನಿಮ್ಮನ್ನ ನೋಡಿದ್ರೆ ಅವರು ಹೆದರೋ ಹಂಗೆ ಕಾಣಲ್ಲ. ಅದಿದ್ರೆ ಹೇಳಿ, ಸೋಮವಾರದಿಂದ ಕಳಿಸ್ತೀನಿ.”

ಪುಟ್ಟಬಸವಯ್ಯ ಮೈಕು ಹಿಡಿದು ಅಡುಗೆಮನೆಗೆ ಓಡಿದ. ಬೈಯೇ ಅಂದ. ಒಂದೇ ಒಂದು ಸಲ, ಮನಸಾರೆ ಬೈಯೇ ಅಂದ. ಚನ್ನಬಸಮ್ಮ ತಲೆಯೆತ್ತದೆ ಸೊಪ್ಪು ಬಿಡಿಸುತ್ತಲೇ ಇದ್ದಳು. ಮದುವೆಯಾದಂದಿನಿಂದ ಆತ ನಂಜುಂಡೇಶ್ವರನಲ್ಲಿ ಗುಟ್ಟಾಗಿ ಬೇಡಿಕೊಂಡು ಬಂದಿದ್ದ ಮೌನವನ್ನು ಅವಳು ಆ ಸಂಜೆಯೇ ದಯಪಾಲಿಸಿದ್ದಳು.