ಪಾಪಣ್ಣನ ಶಾಪವಿಮೋಚನೆ

ಕೆಟ್ಟುಹೋದ ವಸ್ತುಗಳ ಮೇಲೆ ನಮ್ಮ ಮನೆಯವರಿಗಿರುವ ಕರುಣೆಯಲ್ಲಿ ಕಾಲು ಭಾಗವಾದರೂ ಕೆಡದೆ ದುಡಿಯುತ್ತಿರುವ ವಸ್ತುಗಳ ಮೇಲಿದ್ದಿದ್ದರೆ ನಾನು ಈ ಗೋಳನ್ನು ಹೇಳಿಕೊಳ್ಳಬೇಕಾಗಿರಲಿಲ್ಲ. (ಕೆಡದೆ ದುಡಿಯುತ್ತಿರುವ ವಸ್ತು ಅಂದರೆ ನಾನು.) ಅವರದು ಫ್ರಿಜ್ ರಿಪೇರಿ ಕೆಲಸ. ಊರಿನ ಫ್ರಿಜ್ಜುಗಳೆಲ್ಲ ಅವರ ಕೈಯಲ್ಲಿ ತಣ್ಣಗಾಗುತ್ತವೆ. ನಮ್ಮನೆಯದರ ಬಾಗಿಲಿಗೆ ಮಾತ್ರ ಇವತ್ತಿಗೂ ಸ್ಟೂಲು ಒತ್ತಿಡಬೇಕು.

ಒಂದು ಸಂಜೆ ಯಾವುದೋ ಹೋಟೆಲಿನ ಫ್ರಿಜ್ ನೋಡಲು ಹೋದವರು ಎದೆಯೆತ್ತರದ ಒಂದು ರೋಬೋಟನ್ನು ಟೆಂಪೋದಿಂದ ಇಳಿಸಿಕೊಂಡು ಬಂದರು. ಹೊಟ್ಟೆಯಲ್ಲಿ ಟ್ರೇಗಳು, ಕಾಲಿನ ಜಾಗದಲ್ಲಿ ಚಕ್ರ, ಮುಖದ ಜಾಗದಲ್ಲಿ ಕಣ್ಣು ಮಿಟುಕಿಸುವ ಪರದೆ. ಒಂದು ಕಣ್ಣು ಆರಿಹೋಗಿತ್ತು. ಮೈಯೆಲ್ಲ ಗಡಗಡ ನಡುಗುತ್ತಿತ್ತು.

"ಏನ್ರೀ ಇದು?"

"ಪಾಪ ಕಣೇ. ಹೋಟ್ಲಲ್ಲಿ ಸಪ್ಲೈಯರ್ ಆಗಿತ್ತು. ಗುಜರಿಗೆ ಹಾಕ್ತಿದ್ರು, ಪಾಪ. ನಂಗೆ ನೋಡೋಕಾಗ್ಲಿಲ್ಲ, ಪಾಪ."

ಹೀಗೆ ಪಾಪ ಪಾಪ ಅನ್ನಿಸಿಕೊಂಡೇ ಅದಕ್ಕೆ ಪಾಪಣ್ಣ ಎಂದು ಹೆಸರಾಯಿತು.

ಟೀ ಕುಡಿಯುತ್ತಾ ಪಾಪಣ್ಣನ ಪೂರ್ವಾಶ್ರಮದ ಕಥೆ ಬಿಚ್ಚಿಕೊಂಡಿತು. ಊಟ ತಂದಾಗ ಗಿರಾಕಿ ತಟ್ಟೆ ಎತ್ತಿಕೊಂಡು 'ಥ್ಯಾಂಕ್ಸ್' ಅನ್ನಬೇಕು, ಆಗಲೇ ಅದು ಅಡುಗೆಮನೆಗೆ ವಾಪಸ್ಸು ಹೋಗುತ್ತದೆ. ಹಾಗೆ ಮಾಡಿಟ್ಟಿದ್ದಾರೆ. (ಮಾಡಿದವನಿಗೆ ಇನ್ನೂ ಮದುವೆಯಾಗಿರಲಿಕ್ಕಿಲ್ಲ.) ಆ ಹೋಟೆಲಿನಲ್ಲಿ ಯಾರೂ ಅನ್ನಲಿಲ್ಲ. ಪಾಪಣ್ಣ ಟೇಬಲ್ಲಿನ ಪಕ್ಕ ನಿಂತೇ ಇರುತ್ತಿತ್ತು. ದಾರಿಗೆ ಅಡ್ಡವೆಂದು ಹೋಗುವವರು ಬರುವವರು ಒದ್ದರು. ಒದೆ ತಿಂದೂ ತಿಂದೂ ನಡುಕ ಶುರುವಾಯಿತು. ಒಂದು ದಿನ ಆ ನಡುಕದಲ್ಲೇ ಮಾಲೀಕರ ಮಾವನವರ ತೊಡೆಯ ಮೇಲೆ ಬಿಸಿ ಸೂಪು ಸುರಿಯಿತು. ಅಂದೇ ಉಗ್ರಾಣವಾಸ.

ಅತ್ತೆ ಕಣ್ಣೊರೆಸಿಕೊಂಡರು. "ಒಂದು ಒಳ್ಳೇ ಮಾತಿಗೋಸ್ಕರ ಕಾದು ನಿಂತಿತ್ತಲ್ಲೋ! ಎಂಥ ಕಲ್ಲೆದೆ ಜನ! ನೋಡೇ, ಮಾತಾಡ್ತಾ ಟೀ ಆರಿಹೋಯ್ತು, ಬಿಸಿ ಮಾಡ್ಕೊಂಡು ಬಾ."

ಮಾಡಿಕೊಂಡು ಬಂದೆ.

ಪಾಪಣ್ಣನ ಆರಿದ್ದ ಕಣ್ಣು ಒಂದೇ ವಾರದಲ್ಲಿ ಹೊತ್ತಿಕೊಂಡಿತು. ನಡುಕ ನಿಲ್ಲಲಿಲ್ಲ. ನಮ್ಮ ಮನೆಯವರು ಗಂಭೀರವಾಗಿ ರೋಗನಿರ್ಣಯ ಮಾಡಿದರು: "ಇದಕ್ಕೆ ಬೇಕಾಗಿರೋದು ಸ್ಪ್ಯಾನರ್ ಅಲ್ಲ ಕಣೇ, ಪ್ರೀತಿ." ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ಶಬ್ದ ಕೇಳಿದ್ದು ಅದೇ ಮೊದಲು.

ಅಂದಿನಿಂದ ಚಿಕಿತ್ಸೆ. ಬೇಯಿಸುವವಳು ನಾನು, ಬಡಿಸಿ ಟ್ರೇಗೆ ಜೋಡಿಸುವವಳು ನಾನು. ಪಾಪಣ್ಣ ಅದನ್ನು ನಡುಮನೆಗೆ ಉರುಳಿಸಿಕೊಂಡು ಹೋಗುತ್ತಿತ್ತು. "ಥ್ಯಾಂಕ್ಸ್ ಪಾಪಣ್ಣ!" ಅನ್ನುವರು ಇವರು. "ಥ್ಯಾಂಕ್ಯೂ ಪಾಪಣ್ಣ ಮಾಮ!" ಅನ್ನುವಳು ಮಗಳು. ಕಣ್ಣಿನ ಆಪರೇಷನ್ ಮಾಡಿದ ಡಾಕ್ಟರಿಗೂ ಆ ಮಾತು ಹೇಳದ ಅತ್ತೆ, "ತ್ಯಾಂಕ್ಸಪ್ಪ, ಚೆನ್ನಾಗಿ ಬಾಳು" ಎಂದು ಅದರ ತಲೆ ಸವರುವರು. "ನಿಮ್ಮ ಸೇವೆಯೇ ನನ್ನ ಸಂತೋಷ" ಎಂದು ಉಲಿದು ಪಾಪಣ್ಣ ಒಳಗೆ ಬರುತ್ತಿತ್ತು. ನಡುಕ ದಿನದಿನಕ್ಕೂ ಇಳಿಯಿತು.

ಒಂದು ಮಧ್ಯಾಹ್ನ ಎಲ್ಲರೂ ಹೊರಟುಹೋದ ಮೇಲೆ ಅದರೆದುರು ಕೂತು ಪಾತ್ರೆ ಉಜ್ಜುತ್ತಾ ಹೇಳಿದೆ: "ನೀನೇ ಪುಣ್ಯವಂತ ಕಣೋ. ಕೆಟ್ಟೆ, ಮೂಲೇಲಿ ಕೂರೋಕೆ ಸಿಕ್ತು. ನಂಗೆ ಕೆಡೋಕೂ ಪುರುಸೊತ್ತಿಲ್ಲ."

ಒಂದು ಭಾನುವಾರ ತಡೆಯಲಾಗಲಿಲ್ಲ. ಪಾಪಣ್ಣನ ಸ್ವಿಚ್ಚು ಆರಿಸಿ, ನಾನೇ ಟ್ರೇ ಹೊತ್ತು ಹೋದೆ. ತಟ್ಟೆಗಳನ್ನಿಟ್ಟು ಅಲ್ಲೇ ನಿಂತೆ. ಕದಲಲಿಲ್ಲ.

"ಅಮ್ಮಾ, ಟಿವಿ ಕಾಣ್ತಿಲ್ಲ," ಎಂದಳು ಮಗಳು.

"ಬೆನ್ನು ಹಿಡ್ಕೊಂಡ್ತೇನೇ?" ಎಂದರು ಅತ್ತೆ.

"ನಾನೂ ಒಂದು ಮಾತಿಗೆ ಕಾಯ್ತಾ ನಿಂತಿದ್ದೀನಿ," ಎಂದೆ.

ಇವರು ತುತ್ತು ಕೆಳಗಿಟ್ಟು ಯೋಚಿಸಿದರು. ಮುಖ ಬೆಳಗಿತು. "ಓಹ್! ಗೊತ್ತಾಯ್ತು!" ನನ್ನೆದೆ ಅರಳಿತು. "ಪಾಪಣ್ಣನ ಚಾರ್ಜ್ ಮುಗಿದುಹೋಯ್ತಾ? ಮೊದಲೇ ಹೇಳ್ಬಾರ್ದಾ? ಪಾಪ!"

ಒಳಗೆ ಹೋದೆ. ಟ್ರೇ ಹಿಡಿದಿದ್ದ ನನ್ನ ಕೈ ನಡುಗುತ್ತಿತ್ತು. ಅದಕ್ಕೆ ಯಾರೂ ರೋಗನಿರ್ಣಯ ಮಾಡಲಿಲ್ಲ.

ಪಾಪಣ್ಣ ಪೂರ್ತಿ ಗುಣವಾಯಿತು. ಸುದ್ದಿ ತಿಳಿದ ಹೋಟೆಲಿನ ಮಾಲೀಕರು ತಾವೇ ಬಂದು ಮರ್ಯಾದೆಯಿಂದ ಕರೆದುಕೊಂಡು ಹೋದರು. 'ನಮ್ಮ ಪಾಪಣ್ಣನಿಗೆ ಥ್ಯಾಂಕ್ಸ್ ಹೇಳಿ' ಎಂಬ ಬೋರ್ಡು ಗೋಡೆಗೇರಿತು. ಹೇಳುವುದಕ್ಕೆಂದೇ ಜನ ಮುಗಿಬಿದ್ದರು. ಉಪಕಾರ ಸ್ಮರಣೆಗೆಂದು ನಮ್ಮ ಸಂಸಾರಕ್ಕೆ ಅಲ್ಲಿ ಊಟದ ಆಹ್ವಾನ ಬಂತು. ಇನ್ನೊಬ್ಬರು ಬೇಯಿಸಿದ್ದನ್ನು ಕೂತು ತಿನ್ನುವ ಭಾಗ್ಯ! ಇದ್ದದ್ದರಲ್ಲಿ ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿ ಉಟ್ಟು ಹೊರಟೆ.

ಪಾಪಣ್ಣ ತಟ್ಟೆಗಳನ್ನು ತಂದಿತು. ಎಲ್ಲರೂ ಥ್ಯಾಂಕ್ಸ್ ಹೇಳಿದರು. ನಾನೂ ಮನಸಾರೆ, "ಥ್ಯಾಂಕ್ಸ್ ಪಾಪಣ್ಣ, ಚೆನ್ನಾಗಿದ್ದೀಯಾ?" ಎಂದೆ.

ಅದು ಗಕ್ಕನೆ ತಿರುಗಿತು. ಟೇಬಲ್ಲು ಸುತ್ತಿ ಬಂದು ನನ್ನ ಕುರ್ಚಿಗೆ ಅಂಟಿ ನಿಂತು, ಇಡೀ ಹೋಟೆಲಿಗೆ ಕೇಳುವಂತೆ ಸಾರಿತು: "ಅಡುಗೆಮನೆಗೆ ಬಂದಿದ್ದೇನೆ. ದಯವಿಟ್ಟು ಟ್ರೇ ತುಂಬಿಸಿ."

ಇವರು ನಾಲಗೆ ಕಚ್ಚಿಕೊಂಡರು. "ನಮ್ಮನೇಲಿ ಅದಕ್ಕೆ ದಾರಿ ತಿಳೀತಿರಲಿಲ್ಲ. ನಿನ್ನ ದನಿ ಎಲ್ಲಿ ಕೇಳುತ್ತೋ ಅದೇ ಅಡುಗೆಮನೆ ಅಂತ ಕಲಿಸ್ಬಿಟ್ಟೆ. ಆಮೇಲೆ ಇಲ್ಲಿನ ದಾರಿ ಹೇಳ್ಕೊಟ್ಟೆ, ನಿನ್ನ ದನಿ ಅಳಿಸೋದು ಮರೆತೆ."

"ಈಗ ಅಳಿಸ್ರೀ!"

"ಸಾಮಾನು ಮನೇಲಿದೆ ಕಣೇ."

ಅಷ್ಟರಲ್ಲಿ ಎಲ್ಲ ಟೇಬಲ್ಲುಗಳಿಂದಲೂ ಊಟ ಬರಲಿಲ್ಲವೆಂದು ಕೂಗು ಎದ್ದಿತ್ತು. ಮಾಲೀಕರು ಓಡಿಬಂದರು. "ಅಮ್ಮಾ, ದಯವಿಟ್ಟು ನೀವೇ ಒಳಗೆ ಬಂದು ಮಾತಾಡಿ. ನಿಮ್ಮ ಹಿಂದೇನೇ ಬರುತ್ತೆ."

"ಹೋಗಿ ಬಾರೇ, ಎರಡೇ ನಿಮಿಷ," ಎಂದರು ಇವರು. "ಪಾಪ, ಗಾಬರಿಯಾಗಿ ಮತ್ತೆ ನಡುಗೋಕೆ ಶುರು ಮಾಡಿದ್ರೆ?"

ಹೋದೆ. ಪಾಪಣ್ಣ ನನ್ನ ಬೆನ್ನಿಗೇ ಬಂತು. ಟ್ರೇ ತುಂಬಿಸಿ ಕಳಿಸಿದೆ. ಅದು ಹಿಂದಿರುಗುವ ಹೊತ್ತಿಗೆ ನನ್ನ ದನಿ ಅಲ್ಲೇ ಕೇಳಬೇಕಲ್ಲ, ಅದಕ್ಕೆ ಸುಮ್ಮನೆ ಗೊಣಗುತ್ತಾ ನಿಂತೆ. (ಅಭ್ಯಾಸವಿದೆ.) ಬಾಗಿಲ ಸಂದಿಯಲ್ಲಿ ನೋಡಿದರೆ, ನನ್ನ ತಟ್ಟೆಯನ್ನು ಮಗಳ ಕಡೆಗೆ ಸರಿಸುತ್ತಿದ್ದರು ಅತ್ತೆ.

ಅಡುಗೆ ಭಟ್ಟ ಬೆವರೊರೆಸಿಕೊಂಡು ನನ್ನ ಕೈಗೊಂದು ಏಪ್ರನ್ ಕೊಟ್ಟ.

"ಅಕ್ಕಾ, ಹೇಗೂ ಬಂದಿದ್ದೀರಾ, ಈ ಸೂಪಿಗೆ ಉಪ್ಪು ಸರಿಯಾಗಿದೆಯಾ ಸ್ವಲ್ಪ ನೋಡಿ."

ನೋಡಿದೆ. ಕಡಿಮೆಯಿತ್ತು. ಹಾಕಿದೆ.