ಸೈಕಲ್ ಎಣಿಸಲು ಪಥದ ನಡುವೆ ಹಾಕಿದ ಕುರ್ಚಿ

ಸೈಕಲ್ ಪಥ ವಿಭಾಗದ ಮುಖ್ಯ ಎಂಜಿನಿಯರ್ ಸಾಹೇಬರ ಸಮ್ಮುಖಕ್ಕೆ,

ಮಾನ್ಯರೇ,

ತಾವೂ, ತಮ್ಮ ಕಚೇರಿಯ ಎರಡನೇ ಮಹಡಿಯೂ, ಯಾವಾಗ ಬಂದು ಕೇಳಿದರೂ ಆ ಮಹಡಿಯಿಂದ ಊಟಕ್ಕೆ ಹೋಗಿರುವ ತಮ್ಮ ಸಿಬ್ಬಂದಿಯೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಲಕೋಟೆಯಲ್ಲಿಟ್ಟು ತಮ್ಮ ದೂರು ಪೆಟ್ಟಿಗೆಗೆ ಹಾಕಿ ಯಾರ ಕಣ್ಣಿಗೂ ಬೀಳದೆ ಮನೆಗೆ ಹೋಗಬೇಕೆಂಬುದೇ ನನ್ನ ಆಸೆಯಾಗಿತ್ತು, ಏಕೆಂದರೆ ನಾಲ್ಕು ಜನರ ಮುಂದೆ ದನಿ ಎತ್ತುವುದು ನನ್ನಿಂದ ಆಗದ ಕೆಲಸ. ಆದರೆ ಪೆಟ್ಟಿಗೆಯ ಬೀಗದ ಕೈ ಕಳೆದು ಎರಡು ವರ್ಷವಾಯಿತೆಂದೂ, ಒಳಗೆ ಹಾಕಿದ ಪತ್ರಗಳೆಲ್ಲ ಅಂದಿನಿಂದ ಬಹಳ ಭದ್ರವಾಗಿವೆಯೆಂದೂ ತಮ್ಮ ಬಾಗಿಲಲ್ಲಿ ಕೂರುವ ಜವಾನರು ಕಕ್ಕುಲಾತಿಯಿಂದ ತಿಳಿಸಿದ್ದರಿಂದ, ಇದನ್ನು ಬಹಿರಂಗವಾಗಿಯೇ, ತಾವು ಪಥದ ಪಕ್ಕದ ಮರಕ್ಕೆ ಅಂಟಿಸಿರುವ ಪ್ರಕಟಣೆಯ ಕೆಳಗೆ, ಅದೇ ಅಳತೆಯ ಕಾಗದದಲ್ಲಿ ಅಂಟಿಸುತ್ತಿದ್ದೇನೆ. ಸಾಹಿತ್ಯದಲ್ಲಿ ಪದವಿ ಪಡೆದು, ಅದರ ಫಲವಾಗಿ ಆ ಮರದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿರುವ ನನಗೆ ಕಾಗದದ ಕೊರತೆಯಿಲ್ಲ.

ಮೊದಲಿಗೆ ಪಥಕ್ಕಾಗಿ ಕೃತಜ್ಞತೆಗಳು. ಹಿಟ್ಟಿನ ಗಿರಣಿಯ ಮೂಲೆಯಿಂದ ಆಸ್ಪತ್ರೆಯ ಹಿಂಬಾಗಿಲಿನವರೆಗೆ, ಹೋಗುವವರಿಗೂ ಬರುವವರಿಗೂ ಸಾಲುವಷ್ಟು ಅಗಲಕ್ಕೆ ಹಸಿರು ಬಣ್ಣ ಬಳಿಸಿ, ರಸ್ತೆಗೂ ಅದಕ್ಕೂ ನಡುವೆ ಒಂದು ಗೇಣು ಎತ್ತರದ ಕಟ್ಟೆ ಕಟ್ಟಿಸಿದ್ದೀರಿ. ಅಡ್ಡ ಬಂದ ವಿದ್ಯುತ್ ಕಂಬವನ್ನು ಕೀಳಿಸುವ ನಿರ್ದಯತೆ ತೋರದೆ, ಅದಕ್ಕೂ ಮೊಣಕಾಲೆತ್ತರಕ್ಕೆ ಅದೇ ಹಸಿರು ಬಳಿಸಿ ಮನೆಯವರಲ್ಲಿ ಒಬ್ಬರನ್ನಾಗಿ ಮಾಡಿಕೊಂಡಿದ್ದೀರಿ. ಇಷ್ಟಾದರೂ ಈ ಪಥದ ನಿಜವಾದ ಗುಣ ಬೇರೆಯೇ ಇದೆ: ಅದು ನೇರವಾಗಿದೆ. ಹತ್ತಿದವರು ಎಲ್ಲಿಯೂ ತಿರುಗದೆ ಇಳಿಯಬಹುದು. ಇದನ್ನು ನಾನು ಕಂಡುಕೊಂಡದ್ದಲ್ಲ, ನನ್ನ ಅಮ್ಮ ಹೇಳಿದ್ದು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸದವರು. ಪಾಳಿ ಶುರುವಾಗುವುದು ಬೆಳಗಿನ ಆರಕ್ಕೆ, ನಮ್ಮ ಕಡೆಯ ಮೊದಲ ಬಸ್ಸು ಬರುವುದು ಆರೂವರೆಗೆ. ಹನ್ನೊಂದು ವರ್ಷ ನಡೆದೇ ಹೋದರು. ಆಮೇಲೆ ಮೊಣಕಾಲು ಮಾತು ಕೇಳಲಿಲ್ಲ. ತಡವಾಗಿ ಹೋದ ಮೂರನೆಯ ಸಲ ಮೇಲ್ವಿಚಾರಕಿ, "ಇನ್ನೊಂದು ಸಲ ಹೀಗಾದ್ರೆ ಬೇರೆಯವ್ರನ್ನ ನೋಡ್ಕೋತೀವಿ, ಬೇಜಾರು ಮಾಡ್ಕೋಬೇಡಿ" ಎಂದು ನಯವಾಗಿಯೇ ಹೇಳಿದರಂತೆ. ಬೇಜಾರು ಮಾಡಿಕೊಳ್ಳದ ಅಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ತಮ್ಮ ಪಥದ ಮೇಲೆ, ಸೈಕಲ್ ಕಲಿತರು. ಹಿಂದಿನ ಕ್ಯಾರಿಯರ್ ಹಿಡಿದು ನನ್ನ ಸೋದರಮಾವ, "ಅಕ್ಕಾ, ಮುಂದೆ ನೋಡು, ನನ್ನ ಮುಖದಲ್ಲಿ ಏನಿದೆ" ಎಂದು ಬೈಯುತ್ತ ಎರಡು ವಾರ ಓಡಿದರು. ಕೈಬಿಟ್ಟು ನಿಂತ ದಿನವೂ ದೂರದಿಂದಲೇ ಬೈಯುತ್ತಿದ್ದರು, ಅಮ್ಮನಿಗೆ ಗೊತ್ತಾಗದಿರಲೆಂದು.

ತಮ್ಮ ವಿಭಾಗ ಮನೆಮನೆಗೆ ಹಂಚಿದ ಸುರಕ್ಷಿತ ಸವಾರಿಯ ಹನ್ನೆರಡು ನಿಯಮಗಳ ಕೈಪಿಡಿಯನ್ನು ಯಾರಾದರೂ ಓದಿದ್ದಾರೆಯೇ ಎಂಬ ಚಿಂತೆ ತಮಗಿದ್ದರೆ ಅದನ್ನು ಬಿಡಬೇಕು. ಅಮ್ಮ ಓದಿದ್ದಾರೆ. ಹೆಲ್ಮೆಟ್ಟನ್ನು ಮನೆಯ ಮೆಟ್ಟಿಲು ಇಳಿಯುವ ಮೊದಲೇ ಧರಿಸುತ್ತಾರೆ. ಕತ್ತಲಲ್ಲಿ ಹೊಳೆಯುವ ಪಟ್ಟಿಯನ್ನು ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿ, ಉಳಿದ ತುಂಡು ವ್ಯರ್ಥವಾಗಬಾರದೆಂದು ಊಟದ ಡಬ್ಬಿಗೂ ಅಂಟಿಸಿದ್ದಾರೆ. ಹೊರಡುವ ಮೊದಲು ಎರಡೂ ಬ್ರೇಕು, ಬೆಲ್ಲು, ಗಾಳಿ ಎಂದು ಬಾಯಿಬಿಟ್ಟು ಹೇಳಿಕೊಂಡು ಮುಟ್ಟಿ ನೋಡುತ್ತಾರೆ. ಏಳನೆಯ ನಿಯಮವಂತೂ ಅವರಿಗೆ ಬಾಯಿಪಾಠ: ಪಥದಲ್ಲಿ ಅಡೆತಡೆ ಕಂಡರೆ ಸವಾರರು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು, ಸುತ್ತುಹಾಕಿ ಹೋಗತಕ್ಕದ್ದು.

ಈಗ ತಮ್ಮ ಎಣಿಕೆಯ ವಿಚಾರಕ್ಕೆ ಬರುತ್ತೇನೆ. ಪಥವನ್ನು ಎಷ್ಟು ಜನ ಬಳಸುತ್ತಾರೆಂದು ಲೆಕ್ಕ ಹಾಕಲು ಹೋದ ತಿಂಗಳು ತಾವು ಒಬ್ಬ ಗುಮಾಸ್ತರನ್ನು ಮೂರು ದಿನದ ಮಟ್ಟಿಗೆ ಕಳುಹಿಸಿದ್ದಿರಿ. ಸಂಭಾವಿತರು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಸಂಜೆ ಐದಕ್ಕೆ ಸರಿಯಾಗಿ ಎದ್ದರು. ಹಾಲಿನವರು, ಪೇಪರಿನವರು, ಬೇಕರಿಯ ಪಾಳಿಯವರು, ಲಾಂಡ್ರಿಯವರು ಕಚೇರಿ ವೇಳೆಗೆ ಮೊದಲೇ ಕೆಲಸಕ್ಕೆ ಹೋಗುವ ಅಶಿಸ್ತಿನವರಾದ್ದರಿಂದ ಅವರನ್ನು ಎಣಿಸದೆ ಬಿಟ್ಟದ್ದು ನ್ಯಾಯವೇ. ಬಿಸಿಲಿನ ದಿನಗಳು. ನೆರಳಿದ್ದದ್ದು ಈ ಒಂದೇ ಮರದ್ದು, ಮರದ ನೆರಳು ಬೀಳುತ್ತಿದ್ದದ್ದು ಪಥದ ಮೇಲೆ. ಆದ್ದರಿಂದ ಗುಮಾಸ್ತರು ತಮ್ಮ ಕುರ್ಚಿಯನ್ನೂ, ಕುರ್ಚಿಯ ಮುಂದೆ ಪುಟ್ಟ ಮೇಜನ್ನೂ, ಮೇಜಿನ ಪಕ್ಕ ನೀರಿನ ಕ್ಯಾನನ್ನೂ ಪಥದ ನಟ್ಟನಡುವೆ ಇಟ್ಟುಕೊಂಡು ಸೈಕಲ್ಲುಗಳಿಗಾಗಿ ಕಾದರು.

ಸೈಕಲ್ಲುಗಳು ಬಂದವು. ಅಡೆತಡೆ ಕಂಡ ಸವಾರರೆಲ್ಲ ಏಳನೆಯ ನಿಯಮದಂತೆ ಇಳಿದು, ತಳ್ಳಿಕೊಂಡು, ಅವರನ್ನು ಸುತ್ತುಹಾಕಿ, ಆಚೆ ಮತ್ತೆ ಹತ್ತಿದರು. ಗುಮಾಸ್ತರು ಪ್ರತಿಯೊಬ್ಬರನ್ನೂ ತಲೆಯೆತ್ತಿ ನೋಡಿ, ತಮ್ಮ ಫಾರಂನ ಎರಡನೆಯ ಕಾಲಂನಲ್ಲಿ, ಅಂದರೆ ಪಾದಚಾರಿಗಳ ಕಾಲಂನಲ್ಲಿ, ಒಂದೊಂದು ಗೀಟು ಎಳೆದರು. ತಮ್ಮದೇ ವಿಭಾಗದ ಸೂಚನೆಯ ಪ್ರಕಾರ ಚಕ್ರದ ಮೇಲೆ ಕೂತಿರುವವರು ಸವಾರರು, ಕಾಲು ನೆಲದ ಮೇಲಿರುವವರು ಪಾದಚಾರಿಗಳು. ಸೈಕಲ್ಲು ಪಕ್ಕದಲ್ಲಿ ಇದೆಯೆಂಬುದು ಅವರವರ ಸ್ವಂತ ವಿಷಯ.

ಎರಡನೆಯ ದಿನ ಪಾಳಿ ಮುಗಿಸಿ ಬರುತ್ತಿದ್ದ ಅಮ್ಮ ನಿಂತು ಮಾತಾಡಿಸಿದ್ದನ್ನು ನಾನು ಅಂಗಡಿಯ ಒಳಗಿನಿಂದ ಕೇಳಿದೆ. "ಅಣ್ಣಾ, ಇಳಿದವರನ್ನೂ ಸೈಕಲ್ ಅಂತಾನೇ ಬರ್ಕೊಳ್ಳಿ" ಎಂದರು. "ನಾನೇನ್ ಮಾಡ್ಲಿ ಅಕ್ಕಾ, ಇಳಿದವರಿಗೆ ಕಾಲಂ ಬೇರೆ" ಎಂದರು ಗುಮಾಸ್ತರು. "ಹಾಗಾದ್ರೆ ಕುರ್ಚಿ ಆ ಕಡೆ ಹಾಕ್ಕೊಳ್ಳಿ, ಯಾರೂ ಇಳಿಯಲ್ಲ" ಎಂದದ್ದಕ್ಕೆ, "ಆ ಕಡೆ ತಲೆ ಸುಡತ್ತೆ, ನಂಗೆ ಬೀಪಿ ಬೇರೆ ಇದೆ" ಎಂದು ಉತ್ತರ ಬಂತು. ಅಮ್ಮ ಒಂದು ಗಳಿಗೆ ಮರವನ್ನೂ ಅವರ ಬೋಳು ತಲೆಯನ್ನೂ ನೋಡಿ, "ಪಾಪ, ಕೂತ್ಕೊಳ್ಳಿ" ಎಂದು ಸೈಕಲ್ ತಳ್ಳಿಕೊಂಡು ಹೋದರು. ತಮ್ಮ ದಾಖಲೆಯ ಪ್ರಕಾರ, ನಡೆದುಕೊಂಡು ಹೋದರು.

ಮೂರೂ ದಿನ ಸೇರಿ ಈ ಪಥದಲ್ಲಿ ದಾಖಲಾದ ಸವಾರರು ಒಬ್ಬರೇ. ಅವರು ಸೈಕಲ್ಲಿನಲ್ಲಿ ಬ್ರೆಡ್ಡು, ಬನ್ನು ಮಾರುವ ಬ್ರೆಡ್ಡಿನವರು. ಮೂರನೆಯ ದಿನ ಮಧ್ಯಾಹ್ನ ಅವರ ಸೈಕಲ್ಲಿನ ಬ್ರೇಕು ಹಿಡಿಯದೆ, ಇಳಿಯುವ ನಿಯಮವನ್ನು ಪಾಲಿಸಲಾಗದೆ, "ಸ್ವಾಮೀ, ಏಳೀ" ಎಂದು ಕೂಗುತ್ತ ನೇರವಾಗಿ ಬಂದು ಮೇಜಿಗೆ ಗುದ್ದಿದರು. ಗುಮಾಸ್ತರು ಚೆದುರಿದ ಬನ್ನುಗಳ ನಡುವೆಯೇ ಪೆನ್ನು ಹುಡುಕಿಕೊಂಡು ಮೊದಲನೆಯ ಕಾಲಂನಲ್ಲಿ ಒಂದು ಗೀಟು ಎಳೆದರು. ಅವರ ಕರ್ತವ್ಯನಿಷ್ಠೆಗೆ ನಾನೇ ಸಾಕ್ಷಿ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಸಂಜೆ ಅವರು ಫಾರಂ ಹಿಡಿದು ನಮ್ಮ ಅಂಗಡಿಗೇ ಬಂದರು. ಸವಾರರು ಒಂದು, ಪಾದಚಾರಿಗಳು ಮುನ್ನೂರ ತೊಂಬತ್ತೇಳು. ಆ ಗೀಟುಗಳಲ್ಲಿ ಮೂರು ನನ್ನ ಅಮ್ಮ ಎಂದು ನನಗೆ ಗೊತ್ತಿತ್ತು. ಬಾಯಿಂದ ಬಂದದ್ದು ಮಾತ್ರ, "ಎಷ್ಟು ಕಾಪಿ ಸಾರ್?" ಮೂರು ಕಾಪಿ ತೆಗೆದು, ಅಂಚು ಸರಿಮಾಡಿ, ಪಿನ್ ಹೊಡೆದು ಕೊಟ್ಟೆ. ಅಂಥ ಸ್ವಚ್ಛವಾದ ಪ್ರತಿಯನ್ನು ನೋಡಿದ ಯಾವ ಅಧಿಕಾರಿಗೂ ಅದು ಸುಳ್ಳಿರಬಹುದೆಂದು ಅನಿಸಲು ಸಾಧ್ಯವಿಲ್ಲ.

ಹೀಗಾಗಿ ತಮ್ಮ ಪ್ರಕಟಣೆ ಬಂತು: ಬಳಸುವವರಿಲ್ಲದ ಕಾರಣ ಸೈಕಲ್ ಪಥವನ್ನು ಬರುವ ಸೋಮವಾರದಿಂದ ತೆಗೆದುಹಾಕಿ ಕಾರು ನಿಲುಗಡೆಗೆ ಬಿಟ್ಟುಕೊಡಲಾಗುವುದು, ಆಕ್ಷೇಪಣೆಗಳನ್ನು ಪಥದ ಬಳಕೆದಾರರು ಮಾತ್ರ ಸಲ್ಲಿಸಬಹುದು. ದಾಖಲೆಯಲ್ಲಿರುವ ಬಳಕೆದಾರರು ಒಬ್ಬರೇ ಆದ್ದರಿಂದ ನಾನು ಬ್ರೆಡ್ಡಿನವರನ್ನು ಹುಡುಕಿಕೊಂಡು ಹೋದೆ. ಅವರು ತಕ್ಷಣ ಒಪ್ಪಿದರು. "ಸಹಿ ಹಾಕ್ತೀನಿ, ಆದ್ರೆ ಬ್ರೇಕ್ ವಿಷಯ ಮಾತ್ರ ಬರೀಬೇಡಿ" ಎಂದರು. ಮೇಲೆ ಅದನ್ನು ಬರೆದುಬಿಟ್ಟಿದ್ದೇನೆ. ತಾವು ಓದಲಿಲ್ಲವೆಂದು ಭಾವಿಸಬೇಕಾಗಿ ಪ್ರಾರ್ಥನೆ.

ಇನ್ನು ನನ್ನ ಕೋರಿಕೆಗಳು ಅಲ್ಪ. ಒಂದೋ ತಾವು ಮರಕ್ಕೆ ಆದೇಶ ಹೊರಡಿಸಿ, ಅದರ ನೆರಳನ್ನು ಕಚೇರಿ ವೇಳೆಯಲ್ಲಿ ಪಥದಿಂದ ನಾಲ್ಕು ಅಡಿ ಆಚೆ ಬೀಳುವಂತೆ ಮಾಡಿ, ಎಣಿಕೆಯನ್ನು ಇನ್ನೊಮ್ಮೆ ನಡೆಸಬೇಕು. ಅದು ತಮ್ಮ ವ್ಯಾಪ್ತಿಗೆ ಬಾರದಿದ್ದರೆ, ಕೈಪಿಡಿಯ ಮುಂದಿನ ಆವೃತ್ತಿಯಲ್ಲಿ ಹದಿಮೂರನೆಯ ನಿಯಮವೊಂದನ್ನು ಸೇರಿಸಿ, ಸವಾರರೆಂದು ಗುರುತಿಸಿಕೊಳ್ಳಲು ಇಚ್ಛಿಸುವವರು ಬ್ರೇಕು ತೆಗೆಸಿಕೊಂಡು ಬರಬೇಕೆಂದು ಮೊದಲೇ ತಿಳಿಸಬೇಕು. ಅಮ್ಮ ಅದನ್ನೂ ಪಾಲಿಸುತ್ತಾರೆ. ಅದೂ ಆಗದಿದ್ದರೆ, ಆಸ್ಪತ್ರೆಯ ಲಾಂಡ್ರಿಗೆ ಒಂದು ಪತ್ರ ಬರೆದು, ನನ್ನ ಅಮ್ಮ ಅಧಿಕೃತವಾಗಿ ಪಾದಚಾರಿಯಾಗಿರುವುದರಿಂದ ಪಾದಚಾರಿಯ ವೇಗದಲ್ಲಿಯೇ ಕೆಲಸಕ್ಕೆ ಬರುವರೆಂದೂ, ಅಲ್ಲಿಯವರೆಗೆ ರೋಗಿಗಳು ಹಾಸಿಗೆಗೆ ಬಟ್ಟೆ ಹಾಸದೆ ಸಹಕರಿಸಬೇಕೆಂದೂ ತಿಳಿಸಬೇಕು. ಇನ್ನು ಒಂದೇ ಒಂದು ಸಲ ತಡವಾದರೂ ಮೇಲ್ವಿಚಾರಕಿ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ತಮ್ಮ ಪತ್ರ ಸೋಮವಾರ ಬೆಳಗಿನ ಆರಕ್ಕೆ ಮೊದಲು ತಲುಪಿದರೆ ಉಪಕಾರ.

ಇಷ್ಟು ಉದ್ದ ಬರೆದು ತಮ್ಮ ಅಮೂಲ್ಯ ಸಮಯವನ್ನೂ ಈ ಮರದ ಎದೆಯಷ್ಟು ಜಾಗವನ್ನೂ ತೆಗೆದುಕೊಂಡದ್ದಕ್ಕೆ ಕ್ಷಮೆ ಇರಲಿ.

ಎಂದಿಗೂ, ಕಾಲು ನೆಲದ ಮೇಲಿದ್ದಾಗಲೂ,
ತಮ್ಮ ವಿಶ್ವಾಸಿ,
ಲಾಂಡ್ರಿಯಲ್ಲಿ ಬಟ್ಟೆ ಮಡಿಸುವವರ ಮಗಳು
(ಆಕ್ಷೇಪಣೆಗೆ ಸಹಿ: ಬ್ರೆಡ್ಡಿನವರು, ಪಥದ ಏಕೈಕ ಬಳಕೆದಾರರು)

ತಾ.ಕ.: ಪಥ ಹೋದರೆ ಅಮ್ಮ ಲಾರಿಗಳು ಓಡಾಡುವ ರಸ್ತೆಯಲ್ಲಿ ಹೋಗಿ, ಆಸ್ಪತ್ರೆಯ ಬಳಿ ಒಂದು ಕೈ ಬಿಟ್ಟು, ಸನ್ನೆ ಮಾಡಿ, ಬಲಕ್ಕೆ ತಿರುಗಬೇಕಾಗುತ್ತದೆ. ಅವರು ಇದುವರೆಗೆ ಹ್ಯಾಂಡಲ್ಲಿನಿಂದ ಕೈ ತೆಗೆದವರಲ್ಲ. ಆದ್ದರಿಂದ ನಾಲ್ಕು ದಿನದಿಂದ ನಮ್ಮ ಮನೆಯ ನಡುಮನೆಯಲ್ಲಿ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಮೇಲೆ ಕೂತು ಬಲಗೈ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದಾರೆ, ಅವರ ಹಿಂದೆ ನಿಂತು ನಾನು ಲಾರಿಯಾಗುತ್ತಿದ್ದೇನೆ. ನನ್ನ ಹಾರ್ನ್ ಯಾರಿಗೂ ಕೇಳಿಸದಷ್ಟು ಮೆತ್ತಗಿದೆಯೆಂದು ಅಮ್ಮನ ದೂರು. ತಾವು ಭಾನುವಾರದೊಳಗೆ ಒಂದು ಸಂಜೆ ಬಿಡುವು ಮಾಡಿಕೊಂಡು ಬಂದು, ನನ್ನ ಬದಲಿಗೆ ಅವರ ಹಿಂದೆ ನಿಲ್ಲಬೇಕು. ಅವರು ಕೈ ಎತ್ತಿದಾಗ, ನಿಂತ ಸೈಕಲ್ಲೂ ಎಷ್ಟು ನಡುಗುತ್ತದೆಂಬುದನ್ನು ಯಾವುದಾದರೊಂದು ಕಾಲಂನಲ್ಲಿ ಬರೆದುಕೊಳ್ಳಬಹುದು.